ಬಾಯಿ ಬಿಡದ ನಾಲ್ಕು ಪಿಜ್ಜಾ ಪಾಕೆಟ್

ಕಳೆದ ಭಾನುವಾರ ಸಂಜೆ ನನ್ನ ಭಾವ ನಾಲ್ಕು ಪಿಜ್ಜಾಗಳನ್ನು ಲಾಕ್ ಮಾಡಿಬಿಟ್ಟರು. ಬೀಗವಿಲ್ಲದೆ, ಕೀಲಿಯಿಲ್ಲದೆ, ಬೇಕೆಂದೂ ಅಲ್ಲದೆ.

ಅದೂ ಎಂಥ ಹೊತ್ತಿನಲ್ಲಿ? ಮಗಳ ಮೂವರು ಕ್ಲಾಸ್‌ಮೇಟ್‌ಗಳು ಮೊಟ್ಟಮೊದಲ ಸಲ ಬಂದು, ಬೆಂಕಿಯ ಸುತ್ತ ಕೂತು, ಪೇಪರ್ ಪ್ಲೇಟ್ ಹಿಡಿದು ಕಾಯುತ್ತಿದ್ದ ಹೊತ್ತಿನಲ್ಲಿ.

ಮೊದಲಿನಿಂದಲೇ ಹೇಳುತ್ತೇನೆ. ನನ್ನ ಅಕ್ಕ ಸುಜಾತಾಳ ಗಂಡ ರುದ್ರೇಶ್ ಪೀಣ್ಯದಲ್ಲಿ ಡೈ ಮೇಕರ್. ಅಂದರೆ, ತಗಡನ್ನು ಒತ್ತಿ ಬೇಕಾದ ಆಕಾರಕ್ಕೆ ತರುವ ಅಚ್ಚುಗಳನ್ನು ಮಾಡುವವರು. ನಿಮ್ಮ ಸ್ಕೂಟರಿನಲ್ಲೋ ಮಿಕ್ಸಿಯಲ್ಲೋ ಎಲ್ಲಿಯೋ ಒಂದು ಕಡೆ ನಮ್ಮ ಭಾವನ ಅಚ್ಚಿನಿಂದ ಹೊರಬಿದ್ದ ತುಣುಕೊಂದು ಇದ್ದರೂ ಇದ್ದೀತು. ಮೂವತ್ತು ವರ್ಷದಿಂದ ಅದೇ ಕೆಲಸ, ಅದೇ ಬಾಡಿಗೆ ಶೆಡ್ಡು.

ಇಂಥವರ ಜೊತೆ ಸಂಸಾರ ಮಾಡುವುದು ಸುಲಭವಲ್ಲ ಅನ್ನುತ್ತಾಳೆ ಅಕ್ಕ. ಗೋಡೆಗೆ ಹಾಕಿದ ಕ್ಯಾಲೆಂಡರ್ ಒಂದು ಕೂದಲೆಳೆ ವಾಲಿದ್ದರೂ ಭಾವನಿಗೆ ಊಟ ಸೇರುವುದಿಲ್ಲ. ಒಮ್ಮೆ ನಾನು ಒಯ್ದ ಚಪಾತಿಯನ್ನು ಬೆಳಕಿಗೆ ಹಿಡಿದು, "ಒಂದ್ ಸೈಡು ದಪ್ಪ ಇದೆ ಕಣಮ್ಮ" ಅಂದಿದ್ದರು. (ನನ್ನ ಅಡುಗೆಯ ಬಗ್ಗೆ ನಿಮಗೆ ಹೊಸದಾಗಿ ಹೇಳಬೇಕಿಲ್ಲ. ಒಂದೇ ಸೈಡು ಅಂದಿದ್ದಕ್ಕೆ ನನಗೆ ಖುಷಿಯೇ ಆಗಿತ್ತು.)

ಇವರ ಮಗಳು ಲಿಖಿತಾ. ಎಂಟನೇ ಕ್ಲಾಸು. ಈ ಜೂನ್‌ನಲ್ಲಿ ಅವಳನ್ನು ರಾಜಗೋಪಾಲನಗರದ ಚಿಕ್ಕ ಶಾಲೆಯಿಂದ ಬಿಡಿಸಿ ತುಮಕೂರು ರಸ್ತೆಯ ದೊಡ್ಡ ಶಾಲೆಗೆ ಸೇರಿಸಿದರು. ಸ್ವಿಮ್ಮಿಂಗ್ ಪೂಲ್ ಇರುವ ಶಾಲೆ. ಎಲ್ಲರೂ ಎಲ್‌ಕೆಜಿಯಿಂದ ಜೊತೆಗಿರುವ ಕ್ಲಾಸು. ಅಂಥ ಕ್ಲಾಸಿಗೆ ಎಂಟನೆಯದಕ್ಕೆ ಬಂದಮೇಲೆ ಹೊಸಬಳಾಗಿ ಹೋಗಿ ಕೂರುವುದು ಹೇಗಿರುತ್ತದೆ ಅಂತ ದೊಡ್ಡವರು ಯಾರಾದರೂ ಯೋಚಿಸುತ್ತೇವಾ? ಫೀಸು, ಬಸ್ಸು, ಯೂನಿಫಾರ್ಮು, ಅಷ್ಟಕ್ಕೆ ನಮ್ಮ ಯೋಚನೆ ಮುಗಿದುಹೋಗುತ್ತದೆ.

ಹುಡುಗಿ ಮನೆಯಲ್ಲಿ ಏನೂ ಹೇಳಿರಲಿಲ್ಲ. ಒಂದು ದಿನ ನನ್ನ ಹತ್ತಿರ ಬಾಯಿ ಬಿಟ್ಟಳು.

"ಚಿಕ್ಕಿ, ಊಟದ ಬೆಲ್ ಹೊಡೆದಾಗ ಬಾಕ್ಸ್ ತಗೊಂಡು ಎಲ್ಲಿ ಹೋಗ್ಬೇಕು ಅಂತಾನೇ ಗೊತ್ತಾಗಲ್ಲ. ಎಲ್ರೂ ಅವರವರ ಗ್ಯಾಂಗಲ್ಲಿ ಕೂತ್ಕೊಂಡ್ಬಿಟ್ಟಿರ್ತಾರೆ. ನಾನು ಲೈಬ್ರರಿ ಮೆಟ್ಟಿಲ ಹತ್ರ ತಿಂತೀನಿ."

"ದಿನಾನೂ?"

"ಹ್ಞೂಂ. ಅಮ್ಮಂಗೆ ಹೇಳ್ಬೇಡ."

ಐದು ತಿಂಗಳು ಒಬ್ಬಳೇ ಮೆಟ್ಟಿಲ ಮೇಲೆ ಕೂತು ಚಿತ್ರಾನ್ನ ತಿಂದಿದ್ದಾಳೆ ಮಗು. ಅಕ್ಕನಿಗೆ ಹೇಳಲಿಲ್ಲ. (ಈಗ ಇದನ್ನು ಓದುತ್ತಾಳೆ. ಬೈಯುತ್ತಾಳೆ. ಬೈಯಲಿ.)

ಇದರ ಮಧ್ಯೆ ಶಾಲೆಯವರು ಮಕ್ಕಳನ್ನು ಎರಡು ದಿನ ಕ್ಯಾಂಪಿಗೆ ಕರೆದೊಯ್ದರು. ಲಿಖಿತಾಳಿಗೆ ಜ್ವರ. ಹೋಗಲಾಗಲಿಲ್ಲ. ಹೋಗಿ ಬಂದವರಿಗೆ ವಾರವಿಡೀ ಒಂದೇ ಮಾತು: ಕ್ಯಾಂಪ್‌ಫೈರ್‌ನಲ್ಲಿ ಮಾಡಿದ ಪಿಜ್ಜಾ ಪಾಕೆಟ್. ಎರಡು ಬ್ರೆಡ್ ಸ್ಲೈಸಿನ ನಡುವೆ ಸಾಸು, ಚೀಸು, ಈರುಳ್ಳಿ, ದೊಣ್ಣೆಮೆಣಸಿನಕಾಯಿ ತುಂಬಿ, ಉದ್ದ ಹಿಡಿಯ ಕಬ್ಬಿಣದ ಅಚ್ಚಿನಲ್ಲಿ ಅದುಮಿ, ಬೆಂಕಿಗೆ ಹಿಡಿದು ಸುಡುವುದು. ನಮ್ಮ ಮನೆಗಳಲ್ಲಿ ಗ್ಯಾಸ್ ಮೇಲೆ ಇಡುವ ಸ್ಯಾಂಡ್‌ವಿಚ್ ಟೋಸ್ಟರ್ ಇದೆಯಲ್ಲ, ಅದರ ಉದ್ದ ಕೈಯ ಅಣ್ಣ ಅಂದುಕೊಳ್ಳಿ.

ಆ ಮಾತಿನ ನಡುವೆ ನಮ್ಮ ಹುಡುಗಿಯ ಬಾಯಿಂದ ಒಂದು ಸುಳ್ಳು ಜಾರಿತು. "ನಾವೂ ಮಾಡ್ತಿರ್ತೀವಿ. ಅದರ ಅಚ್ಚು ನಮ್ಮಪ್ಪಾನೇ ಮಾಡಿದ್ದಾರೆ."

ಪ್ರಣತಿ ಎಂಬ ಹುಡುಗಿ (ಆ ಕ್ಲಾಸಿನಲ್ಲಿ ಅವಳು ಹೇಳಿದ್ದೇ ಫೈನಲ್ಲಂತೆ) ಐದು ತಿಂಗಳಲ್ಲಿ ಮೊದಲ ಸಲ ಇವಳತ್ತ ತಿರುಗಿ ಕೂತಳು. "ಹೌದಾ? ಹಾಗಾದ್ರೆ ನಮಗೂ ತೋರ್ಸು." ಪ್ರಣತಿ ಬರುತ್ತಾಳೆಂದರೆ ಆಯಿಶಾ ಬರುತ್ತಾಳೆ. ಆಯಿಶಾ ಬರುತ್ತಾಳೆಂದರೆ ನೇಹಾ. ಭಾನುವಾರ ಐದು ಗಂಟೆಗೆ ಬಂದು ಆರೂವರೆಗೆ ಹೊರಡುವುದು ಅಂತ ತೀರ್ಮಾನವೂ ಆಯಿತು. ಇಲ್ಲದ ಅಚ್ಚಿನ ಮೇಲೆ ಇಷ್ಟೆಲ್ಲ.

ಲಿಖಿತಾ ಮನೆಗೆ ಬಂದು ಅಪ್ಪನ ಮುಂದೆ ಅಳುತ್ತ ನಿಂತಳು. ಭಾವ ಬೈಯಲಿಲ್ಲ. "ಸುಳ್ಳು ಯಾಕಾಗುತ್ತೆ? ಮಾಡಿದ್ರೆ ನಿಜ ಆಗುತ್ತೆ" ಅಂದರು.

ಆನ್‌ಲೈನ್‌ನಲ್ಲಿ ಸಿಗುತ್ತದೆ, ಎರಡು ದಿನದಲ್ಲಿ ಬರುತ್ತದೆ ಅಂತ ನಾನು ಫೋನು ತೋರಿಸಿದೆ. ಭಾವ ಫೋಟೋವನ್ನು ದೊಡ್ಡದು ಮಾಡಿ ನೋಡಿದರು. ಮುಖ ಹುಳ್ಳಗಾಯಿತು.

"ಇದೆಂಥ ಫಿಟ್ಟಿಂಗಮ್ಮ? ನೋಡಿಲ್ಲಿ, ಎರಡು ಭಾಗದ ಮಧ್ಯೆ ಬೆಳಕು ಕಾಣ್ತಿದೆ!"

"ಭಾವ, ಅದು ಬ್ರೆಡ್ ಸುಡೋಕೆ."

"ಬ್ರೆಡ್ಡಾದ್ರೇನು? ಲೂಸು ಲೂಸೇ."

ಆ ವಾರ ಭಾವ ಊಟಕ್ಕೆ ಮಾತ್ರ ಮನೆಗೆ ಬಂದರು. ಬ್ರೆಡ್ ಪ್ಯಾಕೆಟ್ಟೊಂದನ್ನು ಶೆಡ್ಡಿಗೆ ಒಯ್ದು ಪ್ರತಿ ಸ್ಲೈಸನ್ನೂ ವರ್ನಿಯರ್‌ನಲ್ಲಿ ಅಳೆದರಂತೆ. ರಾತ್ರಿ ಊಟಕ್ಕೆ ಕೂತಾಗಲೂ ಅದೇ ಕೊರಗು. "ಒಂದು ಹನ್ನೊಂದು ಎಂ.ಎಂ., ಇನ್ನೊಂದು ಹದಿಮೂರು! ಬೇಕರಿಯೋನು ಚೆಕ್ಕೇ ಮಾಡಲ್ವಾ?" ಅಕ್ಕ ಸಾರು ಬಡಿಸುತ್ತ, "ನೀವು ಹೋಗಿ ಅವನಿಗೆ ಟ್ರೇನಿಂಗ್ ಕೊಟ್ಟು ಬನ್ನಿ" ಅಂದಳು.

ಶನಿವಾರ ಅಚ್ಚುಗಳು ತಯಾರು. ಒಂದಲ್ಲ, ನಾಲ್ಕು. ಒಬ್ಬೊಬ್ಬ ಹುಡುಗಿಗೂ ಒಂದೊಂದು.

ನಾನು ಅಡುಗೆಯಲ್ಲಿ ದಡ್ಡಿಯಿರಬಹುದು, ಚಂದ ಯಾವುದೆಂದು ಗೊತ್ತಾಗದಷ್ಟು ದಡ್ಡಿಯಲ್ಲ. ಮುಖ ನೋಡಿಕೊಳ್ಳುವಷ್ಟು ನುಣುಪು ಪಾಲಿಶ್. ಕೆಳಗೆ ಉಕ್ಕಿನ ತಟ್ಟೆ, ಅದರೊಳಗೆ ಕೂರುವ ಮುಚ್ಚಳ ಅಲ್ಯೂಮಿನಿಯಮ್ಮಿನದು. ಎರಡಕ್ಕೂ ಮಾರುದ್ದದ ಹಿಡಿ, ಹಿಡಿಯ ತುದಿಗೆ, ಲೋಹ ಉಜ್ಜುವ ಅರಕ್ಕೆ ಹಾಕುವಂಥ ಮರದ ಕಾವು. ಆವಿ ಹೋಗಲು ಮೇಲೊಂದು ಸೂಜಿ ತೂತು. ತಟ್ಟೆಯ ತಳದಲ್ಲಿ ಕನ್ನಡಿಯಲ್ಲಿ ಕಾಣುವ ಹಾಗೆ ತಿರುಗುಮುರುಗಾಗಿ ಕೊರೆದ ಒಂದೊಂದು ಅಕ್ಷರ. ಬ್ರೆಡ್ಡಿನ ಮೇಲೆ ಅದು ನೆಟ್ಟಗೆ ಮೂಡುತ್ತದೆ: ಲಿ, ಪ್ರ, ಆ, ನೇ. ಭಾವ ಆ ಮೂವರಲ್ಲಿ ಯಾರ ಮುಖವನ್ನೂ ನೋಡಿರಲಿಲ್ಲ. ಆದರೂ ಅವರವರ ಅಕ್ಷರ ಅವರವರಿಗೆ ಸಿಗಬೇಕು ಅಂತ ಒಂದು ರಾತ್ರಿಯಿಡೀ ಕೂತು ಕೊರೆದಿದ್ದರು.

"ಮುಚ್ಚಳ ಯಾಕೆ ಅಲ್ಯೂಮಿನಿಯಮ್ಮು?" ಅಂತ ಕೇಳಿದೆ.

"ಎರಡೂ ಸ್ಟೀಲಾದ್ರೆ ಭಾರ ಆಗುತ್ತೆ. ಮಕ್ಕಳ ಕೈ ನೋವಾಗಲ್ವಾ?"

ತಟ್ಟೆಯೊಳಗೆ ಮುಚ್ಚಳ ಬಿಟ್ಟರು. 'ಉಸ್' ಅಂತ ಗಾಳಿ ಹೊರಬಂದು ಮೆಲ್ಲಗೆ ಇಳಿದು ಕೂತಿತು. ಸುತ್ತ ಕೂದಲೂ ತೂರುವುದಿಲ್ಲ. ಭಾವನ ಮುಖದಲ್ಲಿ ಆಗ ಇದ್ದ ಸಂತೋಷವನ್ನು ನೀವು ನೋಡಬೇಕಿತ್ತು.

ಈಗ ಜಾಗದ ಪ್ರಶ್ನೆ. ಕ್ಯಾಂಪ್‌ಫೈರ್ ಅಂದರೆ ಬೆಟ್ಟ, ಕೆರೆ, ಟೆಂಟು. ರಾಜಗೋಪಾಲನಗರದ ಮನೆಯ ತಾರಸಿಯಲ್ಲಿ ನೀರಿನ ಟ್ಯಾಂಕು, ಒಣಹಾಕಿದ ಬಟ್ಟೆ, ಮೂರು ಮನೆಯವರ ಮೆಣಸಿನಕಾಯಿ. ಉಳಿದದ್ದು ಶೆಡ್ಡಿನ ಹಿಂದಿನ ಖಾಲಿ ಜಾಗ. ಶೆಡ್ಡಿನ ಓನರ್ ಗಂಗಮ್ಮನವರದ್ದೇ ಅದು. ಒಂದು ಕಾಲಕ್ಕೆ ಅವರ ರಾಗಿ ಹೊಲವಾಗಿತ್ತಂತೆ. ಈಗ ಒಂದು ಕಡೆ ಟ್ರಾನ್ಸ್‌ಫಾರ್ಮರ್, ಇನ್ನೊಂದು ಕಡೆ ಪಕ್ಕದ ಯೂನಿಟ್ಟಿನವರ ತುಕ್ಕು ಹಿಡಿದ ಡ್ರಮ್ಮುಗಳು. ಭಾನುವಾರವಾದ್ದರಿಂದ ಮಿಷಿನ್ನುಗಳ ಸದ್ದಿಲ್ಲ, ಅಷ್ಟೇ ಪುಣ್ಯ. ದೂರದಲ್ಲಿ ಮೆಟ್ರೋ ಹೋಗುವುದು ಕಾಣುತ್ತದೆ. ಅದನ್ನೇ ವ್ಯೂ ಅಂದುಕೊಳ್ಳಬೇಕು.

ಭಾವ ಆ ಜಾಗ ಗುಡಿಸಿ, ನೀರು ಚಿಮುಕಿಸಿ, ಮೂರು ಬಕೆಟ್ ಮರಳು ಮತ್ತು ಶೆಡ್ಡಿನ ಬೆಂಕಿ ಆರಿಸುವ ಸಿಲಿಂಡರನ್ನು ಸಾಲಾಗಿ ಇಟ್ಟರು. ಎಂಟು ಸ್ಲೈಸ್ ಬ್ರೆಡ್ಡಿಗೋ ಇಡೀ ಪೀಣ್ಯಕ್ಕೋ?

ಐದು ಗಂಟೆಗೆ ಸರಿಯಾಗಿ ಕಾರು ಬಂತು. ಮೂವರು ಇಳಿದರು. ಡ್ರಮ್ಮುಗಳನ್ನು ನೋಡಿದರು, ಟ್ರಾನ್ಸ್‌ಫಾರ್ಮರ್ ನೋಡಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಇಲ್ಲೇನಾ?" ಅಂದಳು ಪ್ರಣತಿ. ಲಿಖಿತಾ ನೆಲ ನೋಡುತ್ತ "ಹ್ಞೂಂ" ಅಂದಳು. ಮೂವರೂ ಫೋನು ತೆಗೆದರು.

ಹೊಗೆ ಕಂಡು ಗಂಗಮ್ಮನವರೂ ಬಂದರು. ಎಪ್ಪತ್ತು ದಾಟಿದ ಗಟ್ಟಿ ಜೀವ. "ಇದ್ಯಾಕ್ರವ್ವಾ ಇಂಗೆ ಒಗೆ ಎಬ್ಬಿಸ್ಕೊಂಡು ಕುಂತಿದ್ದೀರಿ?" ಅಂತ ಜೋರು ಮಾಡಿದವರು, ಮಕ್ಕಳನ್ನು ನೋಡಿ ತಣ್ಣಗಾದರು. "ಉರಿ ಮ್ಯಾಲೆ ಇಡಿದ್ರೆ ಮೇಲೆಲ್ಲಾ ಸೀದೋಯ್ತದೆ, ಒಳಗೆ ಅಂಗೇ ಅಸಿ ಇರ್ತದೆ. ಕೆಂಡ ಆಗ್ಲಿ ತಡೀರಿ." ಅಂದು, ತೆಂಗಿನ ಚಿಪ್ಪು ತಂದು ಬೆಂಕಿಗೆ ಹಾಕಿ, ಅಲ್ಲೇ ಕಲ್ಲಿನ ಮೇಲೆ ಕೂತರು.

ಕೆಂಡವಾಯಿತು. ಅಕ್ಕ ಬ್ರೆಡ್ಡಿಗೆ ಬೆಣ್ಣೆ ಸವರಿದಳು, ನಾನು ಚೀಸ್ ತುರಿದೆ, ಭಾವ ಒಂದೊಂದನ್ನೂ ಅಚ್ಚಿನಲ್ಲಿಟ್ಟು ಮುಚ್ಚಿ, ಹಿಡಿಗಳಿಗೆ ಕಬ್ಬಿಣದ ಬಳೆ ಹಾಕಿ ಬಿಗಿದು, ಹೆಸರು ಕೇಳಿ ಅವರವರ ಕೈಗೆ ಕೊಟ್ಟರು. ನಾಲ್ವರು ಹುಡುಗಿಯರೂ ಕೆಂಡದ ಮೇಲೆ ಹಿಡಿದು ಕೂತರು. ಮೇಲೆ ಕೆಳಗೆ ತಿರುಗಿಸಿದರು. ಐದು ನಿಮಿಷಕ್ಕೆ ಸೂಜಿ ತೂತುಗಳಿಂದ ಚೀಸಿನ ಪರಿಮಳ. "ವಾವ್" ಅಂದಳು ನೇಹಾ. ಲಿಖಿತಾ ಮೊದಲ ಸಲ ತಲೆಯೆತ್ತಿದಳು.

"ಆಯ್ತು, ತೆಗೀರಿ" ಅಂದರು ಭಾವ, ಸ್ಟಾಪ್‌ವಾಚ್ ನೋಡಿಕೊಂಡು.

ಪ್ರಣತಿ ಬಳೆ ಜಾರಿಸಿ ಹಿಡಿ ಎಳೆದಳು. ಬರಲಿಲ್ಲ. ಆಯಿಶಾಳದ್ದು ಬರಲಿಲ್ಲ. ನೇಹಾಳದ್ದು ಬರಲಿಲ್ಲ. ಲಿಖಿತಾ ಎದ್ದು ನಿಂತು, ಹಲ್ಲು ಕಚ್ಚಿ ಎಳೆದಳು. ಊಹೂಂ.

ಭಾವ ತಾವೇ ಕೈಗೆ ತೆಗೆದುಕೊಂಡರು. ಎಳೆದರು, ಅಲ್ಲಾಡಿಸಿದರು. ಮರುಕ್ಷಣವೇ ಅವರ ಕೈ ನಿಂತಿತು. ಏನಾಗಿದೆಯೆಂದು ಅವರಿಗೆ ಗೊತ್ತಾಗಿಬಿಟ್ಟಿತ್ತು.

ಬಿಸಿಗೆ ಲೋಹ ಹಿಗ್ಗುತ್ತದೆ. ಉಕ್ಕಿಗಿಂತ ಅಲ್ಯೂಮಿನಿಯಮ್ ಹೆಚ್ಚುಕಡಿಮೆ ಎರಡರಷ್ಟು ಹಿಗ್ಗುತ್ತದೆ. ಕೂದಲು ತೂರದ ಹಾಗೆ ಕೂರಿಸಿದ ಮುಚ್ಚಳ ತಟ್ಟೆಯೊಳಗೆ ಊದಿಕೊಂಡು ಕಚ್ಚಿ ಹಿಡಿದಿತ್ತು. ಇದು ಭಾವನಿಗೆ ಗೊತ್ತಿಲ್ಲದ ವಿಷಯವಾ? ಉಕ್ಕಿನ ಬಳೆಯನ್ನು ಕಾಯಿಸಿ, ಹಿಗ್ಗಿಸಿ ಮಿಷಿನ್ನಿನ ಶಾಫ್ಟಿಗೆ ಏರಿಸುವ ಕೆಲಸವನ್ನು ಕಣ್ಣು ಮುಚ್ಚಿಕೊಂಡು ಮಾಡುವವರು ಅವರು. ಆದರೆ ಅವರ ಅಚ್ಚುಗಳೆಲ್ಲ ದುಡಿದದ್ದು ತಣ್ಣಗೆ. ಮೂವತ್ತು ವರ್ಷದಲ್ಲಿ ಯಾವ ಗಿರಾಕಿಯೂ ಅವರ ಅಚ್ಚನ್ನು ಒಲೆಗೆ ಹಾಕಿರಲಿಲ್ಲ. ಲೂಸಾಗಬಾರದು ಅನ್ನುವ ಹಟ, ಮಕ್ಕಳ ಕೈ ನೋಯಬಾರದು ಅನ್ನುವ ಪ್ರೀತಿ, ಎರಡೂ ಸೇರಿ ಪಿಜ್ಜಾಕ್ಕೆ ಜೈಲು ಕಟ್ಟಿದ್ದವು.

"ಸುತ್ತಿಗೆ ತರ್ಲಾ?" ಅಂದೆ.

"ಬೇಡ. ಹೊಡೆದ್ರೆ ಇನ್ನೂ ಕಚ್ಕೊಳ್ಳುತ್ತೆ."

"ನೀರಲ್ಲಿ ಮುಳುಗ್ಸೋಣ ಅಂಕಲ್" ಅಂದಳು ಪ್ರಣತಿ.

"ಬೇಡ ಕಂದ, ಸೊಟ್ಟ ಆಗ್ಬಿಡುತ್ತೆ. ಒಳಗಿರೋ ಬ್ರೆಡ್ಡೂ ನೆನೆಯುತ್ತೆ."

"ಮತ್ತೆ?"

ಭಾವ ತಲೆ ತಗ್ಗಿಸಿದರು. "ಕಾಯ್ಬೇಕು. ತಣ್ಣಗಾದ್ಮೇಲೆ ತಾನೇ ಬಿಡುತ್ತೆ. ಒಂದು ಮುಕ್ಕಾಲು ಗಂಟೆ."

"ನಮ್ ಡ್ಯಾಡಿ ಆರೂವರೆಗೆ ಬರ್ತಾರೆ" ಅಂದಳು ಪ್ರಣತಿ. ಆಗಲೇ ಆರು ಗಂಟೆ. ಸೂಜಿ ತೂತುಗಳಿಂದ ಈಗ ಸೀದ ವಾಸನೆ ಬರುತ್ತಿತ್ತು.

ಲಿಖಿತಾ ಅಪ್ಪನ ಪಕ್ಕಕ್ಕೆ ಬಂದು ಪಿಸುಗುಟ್ಟಿದ್ದು ನನಗೂ ಕೇಳಿಸಿತು. "ಅಪ್ಪ, ನಾಳೆಯಿಂದ ನಾನು ಸ್ಕೂಲಿಗೆ ಹೋಗಲ್ಲ."

ಭಾವನ ಮುಖ ಇಷ್ಟೇ ಇಷ್ಟಾಯಿತು. ಕಿವಿ ಕೆಂಪಾಗಿತ್ತು. ಎಂಥೆಂಥ ಇನ್‌ಸ್ಪೆಕ್ಷನ್ನುಗಳ ಮುಂದೆ ಜಗ್ಗದೆ ನಿಂತ ಮನುಷ್ಯ, ಹದಿಮೂರು ವರ್ಷದ ಹುಡುಗಿಯ ಮುಂದೆ ಬಾಯಿ ಬಿಡದ ಅಚ್ಚನ್ನು ಮತ್ತೆ ಮತ್ತೆ ತಿರುಗಿಸುತ್ತ ನಿಂತಿದ್ದರು. ನನಗೆ ಅವರಿಬ್ಬರನ್ನೂ ನೋಡಲಾಗಲಿಲ್ಲ. ಮಾಡಲು ಏನೂ ತೋಚದೆ ಇನ್ನಷ್ಟು ಚೀಸ್ ತುರಿದೆ.

ಅಷ್ಟರಲ್ಲಿ ಆಯಿಶಾ, ಅಲ್ಲಿಯವರೆಗೆ ಹೆಚ್ಚು ಮಾತಾಡದಿದ್ದ ಹುಡುಗಿ, ತನ್ನ ಅಚ್ಚನ್ನು ನೆಲಕ್ಕಿಟ್ಟು ಬಗ್ಗಿ ನೋಡಿದಳು. "ಅಂಕಲ್, ಗ್ಯಾಪೇ ಇಲ್ವಲ್ಲ! ಕ್ಯಾಂಪಲ್ಲಿ ಇದ್ದಿದ್ರಲ್ಲಿ ಚೀಸೆಲ್ಲಾ ಸೋರಿಹೋಗಿತ್ತು. ಇದು ಹೇಗೆ ಇಷ್ಟು ಟೈಟಾಯ್ತು?"

ಭಾವನಿಗೆ ಮಕ್ಕಳ ಹತ್ತಿರ ಮಾತಾಡಿ ಅಭ್ಯಾಸವಿಲ್ಲ. ಮಗಳ ಕಡೆ ನೋಡಿದರು. ಲಿಖಿತಾ ಮೂಗು ಒರೆಸಿಕೊಂಡಳು. ಪ್ರತಿ ಶನಿವಾರ ಶೆಡ್ಡಿನ ಮೂಲೆಯ ಮೇಜಿನ ಮೇಲೆ ಹೋಂವರ್ಕ್ ಮಾಡುವ ಹುಡುಗಿ ಅವಳು. ಕಡ್ಡಿಯೊಂದನ್ನು ಎತ್ತಿಕೊಂಡು ಮಣ್ಣಿನಲ್ಲಿ ಚಿತ್ರ ಬರೆದಳು.

"ಇದು ಸ್ಟೀಲು. ಇದು ಅಲ್ಯೂಮಿನಿಯಮ್ಮು. ಇದು ಜಾಸ್ತಿ ದಪ್ಪ ಆಗ್ಬಿಟ್ಟಿದೆ, ಅದಕ್ಕೇ ಹೊರಗೆ ಬರ್ತಿಲ್ಲ. ತಣ್ಣಗಾದ್ರೆ ಸಣ್ಣ ಆಗುತ್ತೆ."

"ಹೇ, ಇದು ಸೈನ್ಸಲ್ಲಿ ಇದೆ ಕಣೇ!" ಅಂದಳು ನೇಹಾ.

"ಯಾರದ್ದು ಫಸ್ಟ್ ಓಪನ್ ಆಗುತ್ತೆ ಹಾಗಾದ್ರೆ?" ಅಂತ ಪ್ರಣತಿ.

"ನಂದು!"

"ಹೋಗೇ, ನಂದು ಎಲ್ಲರಿಗಿಂತ ಮೊದಲು ತೆಗ್ದಿದ್ದು!"

ಶುರುವಾಯಿತು ನೋಡಿ ಪಂದ್ಯ. ಶೆಡ್ಡಿನಿಂದ ಬನಿಯನ್ ವೇಸ್ಟ್ ತಂದು (ಕೈ ಒರೆಸಲು ಇಟ್ಟಿರುವ ಚಿಂದಿ ಬಟ್ಟೆ) ಒದ್ದೆ ಮಾಡಿ ಮುಚ್ಚಳಗಳ ಮೇಲೆ ಹಾಕಿದರು, ಜ್ವರದ ಮಕ್ಕಳಿಗೆ ಹಣೆಪಟ್ಟಿ ಹಾಕಿದ ಹಾಗೆ. ಬೀಸಣಿಗೆಯೆಂದು ಪೇಪರ್ ಪ್ಲೇಟಿನಲ್ಲಿ ಗಾಳಿ ಹಾಕಿದರು. ಕಾಯುವುದು ಬಿಟ್ಟು ಬೇರೆ ಕೆಲಸವಿಲ್ಲವಲ್ಲ, ಮಾತು ಶುರುವಾಯಿತು. ಮ್ಯಾತ್ಸ್ ಟೀಚರ್ ನಡೆಯುವ ಶೈಲಿಯನ್ನು ಲಿಖಿತಾ ಮಾಡಿ ತೋರಿಸಿದಳು. ನಾನು ಅವಳನ್ನು ಅವಳು ಹುಟ್ಟಿದಾಗಿನಿಂದ ನೋಡಿದ್ದೇನೆ, ಇಂಥದ್ದೊಂದು ವಿದ್ಯೆ ಅವಳಲ್ಲಿದೆಯೆಂದು ನನಗೇ ಗೊತ್ತಿರಲಿಲ್ಲ! ಪ್ರಣತಿ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಳು. ಗಂಗಮ್ಮನವರು ಸೆರಗಿನಲ್ಲಿ ಹಸಿ ಕಡಲೇಕಾಯಿ ತಂದು ಕೆಂಡಕ್ಕೆ ಸುರಿದರು. "ಅದು ಬಾಯ್ ಬಿಡಗಂಟ ಇದ ತಿನ್ರವ್ವಾ."

ಆರೂವರೆಗೆ ಹಾರ್ನ್ ಕೇಳಿಸಿತು. "ಡ್ಯಾಡಿ, ಇನ್ನೂ ಓಪನ್ ಆಗಿಲ್ಲ!" ಅಂತ ಪ್ರಣತಿ ಕೂತಲ್ಲಿಂದಲೇ ಕೂಗಿದಳು. ಐದು ನಿಮಿಷಕ್ಕೆ ಇನ್ನೊಂದು ಹಾರ್ನ್. ಆಮೇಲೆ ಆ ಮನುಷ್ಯ ಏನಾಗಿದೆಯೋ ಎಂದು ಗಾಬರಿಯಿಂದ ಇಳಿದು ಬಂದರು. ಗಂಗಮ್ಮನವರು ಅವರಿಗೂ ಒಂದು ಕಲ್ಲು ತೋರಿಸಿ, ಒಂದು ಹಿಡಿ ಕಡಲೇಕಾಯಿ ಕೊಟ್ಟು ಕೂರಿಸಿದರು.

ಅದನ್ನೆಲ್ಲ ನೋಡುತ್ತಾ ನನಗೊಂದು ಯೋಚನೆ ಬಂತು. ನಾವು ಚಿಕ್ಕವರಿದ್ದಾಗ ನಮಗೆ ಗೆಳತಿಯರು ಸಿಕ್ಕಿದ್ದು ಯಾವಾಗ? ಬಸ್ಸು ಬಾರದೆ ಸ್ಟಾಪಿನಲ್ಲಿ ಗಂಟೆಗಟ್ಟಲೆ ನಿಂತಾಗ. ಕರೆಂಟು ಹೋಗಿ ಎಲ್ಲರೂ ಜಗಲಿಗೆ ಬಂದಾಗ. ಟೀಚರ್ ರಜೆ ಹಾಕಿದಾಗ. ಈಗ ನಮ್ಮ ಮಕ್ಕಳ ಸ್ನೇಹಕ್ಕೆ ನಾವು ಐದರಿಂದ ಆರೂವರೆ ಅಂತ ಸ್ಲಾಟ್ ಕೊಡುತ್ತೇವೆ. ತಿಂಡಿ ರೆಡಿ, ಆಟ ರೆಡಿ, ಗೇಟಿನಲ್ಲಿ ಕಾರು ರೆಡಿ. ಎಲ್ಲವೂ ಹೇಳಿದ ಟೈಮಿಗೆ ಸರಿಯಾಗಿ ನಡೆದರೆ, ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂರುವ ಹೊತ್ತು ಯಾವುದು?

ಏಳಕ್ಕೆ ಇನ್ನೇನು ಹತ್ತು ನಿಮಿಷವಿದೆ ಅನ್ನುವಾಗ 'ಟಿಕ್' ಅಂತು. ಆಯಿಶಾಳ ಅಚ್ಚು! ಆ ಕಿರುಚಾಟಕ್ಕೆ ಗಂಗಮ್ಮನವರ ಮನೆ ನಾಯಿ ಎದ್ದು ಓಡಿತು. ಹಿಂದೆಯೇ ಇನ್ನೆರಡು. ಕೊನೆಗೆ ಬಾಯಿ ಬಿಟ್ಟದ್ದು ಪ್ರಣತಿಯದ್ದು. ಕ್ಲಾಸಿನಲ್ಲಿ ಅವಳು ಹೇಳಿದ್ದೇ ಫೈನಲ್ ಇರಬಹುದು, ಅಲ್ಯೂಮಿನಿಯಮ್ಮು ಕೇಳಬೇಕಲ್ಲ.

ಒಳಗಿನ ಬ್ರೆಡ್ಡಿನ ಅಂಚೆಲ್ಲ ಇದ್ದಿಲು. ನಡುವೆ ಮಾತ್ರ ಕಂದು ಬಣ್ಣದಲ್ಲಿ ಅವರವರ ಅಕ್ಷರ, ನೆಟ್ಟಗೆ, ಅಚ್ಚುಕಟ್ಟಾಗಿ. "ಅಂಕಲ್, ನಮ್ ಹೆಸ್ರೂ ಹಾಕಿದ್ದೀರಾ?" ಅಂದಳು ಪ್ರಣತಿ. ಆ ದನಿಯಲ್ಲಿ ಫೈನಲ್ ಅನ್ನುವುದೇನೂ ಇರಲಿಲ್ಲ. ಇದ್ದಿಲು ಮುರಿದೆಸೆದು, ರಬ್ಬರಿನ ಹಾಗೆ ಎಳೆಯುತ್ತಿದ್ದ ಚೀಸನ್ನು ಹಲ್ಲಿನಲ್ಲಿ ಜಗ್ಗಿ ಜಗ್ಗಿ ತಿಂದರು. ನಾನೂ ರುಚಿ ನೋಡಿದೆ. ಸತ್ಯ ಹೇಳಬೇಕೆಂದರೆ, ನನ್ನ ಅಡುಗೆಗೇ ಒಂದು ಮಾರ್ಕು ಜಾಸ್ತಿ ಕೊಡಬಹುದು. ನಾಲ್ವರೂ ಒಂದು ಚೂರು ಬಿಡಲಿಲ್ಲ.

ಆರೂವರೆಗೆ ಹೊರಡಬೇಕಿದ್ದ ಕಾರು ಏಳೂವರೆಗೆ ಹೊರಟಿತು.

ಸೋಮವಾರ ಲಿಖಿತಾ ಶಾಲೆಗೆ ಹೋದಳು. ಊಟ ಎಲ್ಲಿ ಮಾಡಿದೆ ಅಂತ ನಾನು ಕೇಳಲಿಲ್ಲ. ಅವಳೇ ಹೇಳಿದಳು, ಆಯಿಶಾಳ ಬಾಕ್ಸಿನ ಖೀಮಾ ಪರೋಟ ಸಕ್ಕತ್ತಾಗಿತ್ತಂತೆ.

ಭಾವ ಮಾತ್ರ ಎರಡು ದಿನ ಸಪ್ಪಗಿದ್ದರು. ಅವರ ಪಾಲಿಗೆ ಒಂದಲ್ಲ ಎರಡಲ್ಲ, ನಾಲ್ಕಕ್ಕೆ ನಾಲ್ಕೂ ರಿಜೆಕ್ಷನ್. ಪೀಣ್ಯದಲ್ಲಿ ಇದಕ್ಕಿಂತ ದೊಡ್ಡ ಅವಮಾನವಿಲ್ಲ. ಗಿರಾಕಿ ವಾಪಸ್ ಕಳಿಸುತ್ತಾನೆ, ಇವರು ರಿಪೇರಿ ಮಾಡಿ ಕೊಡಬೇಕು. ಬುಧವಾರ ನಾನು ಹೋದಾಗ ಅರ ಹಿಡಿದು ಮಗಳ ಮುಂದೆ ನಿಂತಿದ್ದರು.

"ಕೊಡಮ್ಮ ಆ ಅಚ್ಚುಗಳ್ನ. ಸುತ್ತ ಅರ್ಧ ಎಂ.ಎಂ. ಉಜ್ಜಿ ಕೊಟ್ಬಿಡ್ತೀನಿ. ಆಮೇಲೆ ಹಿಡ್ಕೊಳ್ಳಲ್ಲ."

ಲಿಖಿತಾ ನಾಲ್ಕನ್ನೂ ಎದೆಗವಚಿಕೊಂಡಳು. "ಬೇಡಪ್ಪ, ಮುಟ್ಬೇಡ. ಈ ಭಾನುವಾರ ಮತ್ತೆ ಬರ್ತಾರೆ ಅವರು. ಬೇಗ ಓಪನ್ ಆಗ್ಬಿಟ್ರೆ ಬೇಗ ಹೊರಟುಹೋಗ್ತಾರೆ."

ಭಾವ ಅರ ಕೆಳಗಿಟ್ಟರು. ಮೂವತ್ತು ವರ್ಷದಲ್ಲಿ, ರಿಜೆಕ್ಟ್ ಆದ ಮಾಲನ್ನು ಗಿರಾಕಿಯೇ ರಿಪೇರಿಗೆ ಕೊಡಲ್ಲ ಅಂದಿದ್ದು ಇದೇ ಮೊದಲಂತೆ!